ಜಾರುವ ಕಲ್ಲೂ ಊರುವ ಕಾಲೂ

ಕಳೆದ ಪುಷ್ಯಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಪತ್ರ ಬಂದಿತು. ಪತ್ರವೆಂದರೆ ಈ ಕಾಲದ ಪತ್ರ. ಅಂಚೆಯವನ ಹಂಗಿಲ್ಲದೆ ಕೈಯಲ್ಲಿರುವ ಫೋನಿಗೆ ಬಂದು ಬೀಳುವಂಥದು. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದ ಈತ ಈಗ ಅಮೆರಿಕದ ಮಿನೆಸೋಟದಲ್ಲಿದ್ದಾನೆ. ಅವನ ಮನೆಯ ಮುಂದಿನ ಕಾಲುದಾರಿಯ ಮೇಲೆ ನೀರು ಹೆಪ್ಪುಗಟ್ಟಿ ಗಾಜಿನಂತಾಗಿತ್ತಂತೆ. ಹಾಲು ತರಲು ಹೊರಟವನು ಎರಡು ಹೆಜ್ಜೆಯಿಡುವುದರೊಳಗೆ ಅಂಗಾತ ಬಿದ್ದು ಮುಂಗೈ ಉಳುಕಿಸಿಕೊಂಡನಂತೆ. ಅಲ್ಲಿಯ ಅಂಗಡಿಗಳಲ್ಲಿ ಬೂಟಿನ ಕೆಳಗೆ ತೊಡಿಸುವ ಹಿಡಿತದ ಪಟ್ಟಿಗಳು ದೊರೆಯುತ್ತವೆ. ರಬ್ಬರಿನ ಬಲೆಗೆ ತಂತಿಯ ಸುರುಳಿ ಸುತ್ತಿದ್ದು ಒಂದು ಬಗೆ. ಉಕ್ಕಿನ ಮೊಳೆ ಕೂರಿಸಿದ್ದು ಇನ್ನೊಂದು. ಬೆಟ್ಟ ಹತ್ತುವವರಿಗಾಗಿ ಹಲ್ಲುಹಲ್ಲಾದ ಕಬ್ಬಿಣದ ಚೌಕಟ್ಟು ಮತ್ತೊಂದು. "ಇವುಗಳಲ್ಲಿ ಯಾವುದನ್ನು ಆರಿಸಲಿ? ಅದಿರಲಿ ಸರ್, ನಮ್ಮ ಹಿಂದಿನವರು ಜಾರುವ ನೆಲಕ್ಕೆ ಏನು ಹಾಕಿಕೊಳ್ಳುತ್ತಿದ್ದರು?" ಎಂದು ಕೇಳಿದ್ದ. ಕೊನೆಯ ಪ್ರಶ್ನೆಯನ್ನು ಅವನು ತಮಾಷೆಗೆ ಬರೆದನೆಂಬುದರಲ್ಲಿ ಸಂದೇಹವಿಲ್ಲ.

ಹೊಸಪೇಟೆಯಲ್ಲಿ ಮಂಜುಗಡ್ಡೆಯೆಂದರೆ ಕಬ್ಬಿನ ಹಾಲಿನ ಅಂಗಡಿಯ ಪೆಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ಕುಳಿತಿರುವ ಪದಾರ್ಥ. ಅದರ ಮೇಲೆ ನಡೆಯುವ ಪ್ರಸಂಗ ನಮಗೆ ಬಂದಿಲ್ಲ. ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದಕ್ಕೆ ಆರು ತಿಂಗಳ ಹಿಂದೆ, ಆಷಾಢದಲ್ಲಿ, ನಾನೂ ಬಿದ್ದಿದ್ದೆ; ಮಂಜಿನ ಮೇಲಲ್ಲ, ಹಂಪಿಯ ಬಂಡೆಯ ಮೇಲೆ.

ಬಿ.ಎ. ತರಗತಿಯ ಹತ್ತು ಹನ್ನೆರಡು ಹುಡುಗರನ್ನು ಕರೆದುಕೊಂಡು ವಿರೂಪಾಕ್ಷನ ಗುಡಿಯಿಂದ ವಿಠ್ಠಲ ದೇವಾಲಯದ ಕಡೆಗೆ ಹೊಳೆಯ ದಂಡೆಗುಂಟ ನಡೆದು ಹೊರಟಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಚಕ್ರತೀರ್ಥವನ್ನು ಸಮೀಪಿಸುತ್ತಿದ್ದಂತೆ ಇಳಿಜಾರಾದ ಒಂದು ಹಾಸುಬಂಡೆ ಎದುರಾಯಿತು. ಕಾಲಲ್ಲಿ ಹೊಸ ಬೂಟು. ಅದರ ಅಟ್ಟೆಯ ಮೇಲೆ ಕಂಬಳಿಯ ಅಂಚಿನಂತೆ ನವುರಾದ ಗೆರೆಗಳ ಚಿತ್ತಾರ. ಆ ಚಿತ್ತಾರವನ್ನು ನಂಬಿ ಧೈರ್ಯವಾಗಿ ಹೆಜ್ಜೆಯಿಟ್ಟೆ. ಕಿಷ್ಕಿಂಧೆಯ ವಾನರರ ಚಪಲತೆಯನ್ನು ಕುರಿತು ಏನೋ ಹೇಳುತ್ತಿದ್ದವನು ಆ ವಾಕ್ಯ ಮುಗಿಯುವುದರೊಳಗೆ ನೆಲದ ಮೇಲಿದ್ದೆ. ಮೊಣಕೈ ತರಚಿತು, ಬೂಟಿನ ಅಟ್ಟೆ ಬಾಯಿಬಿಟ್ಟಿತು, ಹುಡುಗರು ನಗು ತಡೆದುಕೊಂಡ ರೀತಿಯಿಂದ ಅವರ ಗುರುಭಕ್ತಿ ಸಾಬೀತಾಯಿತು.

ಹರಿಗೋಲಿನ ಮುದುಕನೊಬ್ಬ ಕೆಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ. ಬರಿಗಾಲಿನವನು. ಓಡಿ ಬಂದು ನನ್ನನ್ನು ಎಬ್ಬಿಸಿ, "ಯಾಕ್ರೀ ಸರ, ಬಂಡಿ ಮ್ಯಾಲೆ ದಾರಿ ಐತಲ್ರೀ, ಕಾಣ್ಲಿಲ್ಲೇನು?" ಎಂದು ಕೇಳಿದ. ಅವನು ತೋರಿಸಿದ ಕಡೆ ನೋಡಿದೆ. ಹಾವಸೆಯ ಅಂಚಿನಲ್ಲಿ, ಒಂದಾದ ಮೇಲೊಂದರಂತೆ, ಅಂಗಾಲಿನಗಲದ ತೆಳುವಾದ ಮೆಟ್ಟಿಲುಗಳನ್ನು ಬಂಡೆಯಲ್ಲಿಯೇ ಕಡಿದಿದ್ದರು. ನೂರಾರು ಸಲ ಆ ದಾರಿಯಲ್ಲಿ ನಡೆದಿದ್ದರೂ ನಾನು ಅವನ್ನು ಕಂಡಿರಲಿಲ್ಲ. "ಮೆಟ್ಟು ಕೈಗೆ ತಗೋರಿ. ಹೆಬ್ಬಟ್ಟು ಊರಿ ನಡೀರಿ" ಎಂದ. ಹಾಗೆಯೇ ಮಾಡಿದೆ. ಆಮೇಲೆ ಜಾರಲಿಲ್ಲ.

ಮನುಷ್ಯ ಜಾರದೆ ನಿಲ್ಲಬೇಕಾದರೆ ಹಿಡಿತವು ಮೂರು ಕಡೆಯಿಂದ ಬರಬಹುದು: ಕಾಲಿನಿಂದ, ಕಾಲಿನ ಕೆಳಗಿನ ಅಟ್ಟೆಯಿಂದ, ಅಥವಾ ನೆಲದಿಂದ. ಯಾವ ನಾಡು ಯಾವುದನ್ನು ನೆಚ್ಚಿತೆಂಬುದು ಆ ನಾಡಿನ ಮಣ್ಣು, ಹವೆ, ಸಮಾಜ ಮೂರನ್ನೂ ಅವಲಂಬಿಸಿರುತ್ತದೆ. ಶೀತದೇಶದವರು ಅಟ್ಟೆಯನ್ನು ನೆಚ್ಚಿದರು. ಹಿಮದ ಮೇಲೆ ಬರಿಗಾಲಿನಲ್ಲಿ ನಡೆಯುವಂತಿಲ್ಲ. ಕರಗುತ್ತ ಹೆಪ್ಪುಗಟ್ಟುತ್ತ ದಿನದಿನಕ್ಕೆ ರೂಪ ಬದಲಿಸುವ ಆ ನೆಲದಲ್ಲಿ ಮೆಟ್ಟಿಲು ಕಡಿದರೆ ಉಳಿಯುವಂತೆಯೂ ಇಲ್ಲ. ಆದುದರಿಂದ ಅವರು ಕಬ್ಬಿಣದ ಹಲ್ಲನ್ನು ಪಾದಕ್ಕೇ ಕಟ್ಟಿಕೊಂಡರು. ಸಾವಿರ ವರ್ಷಗಳ ಹಿಂದೆ ವೈಕಿಂಗ್ ಜನರು ಹೂಳಿದ ಗೋರಿಗಳಲ್ಲಿ ಇಂಥ ಮಂಜುಮೊಳೆಗಳು ಸಿಕ್ಕಿವೆ. ಮಂಜುಗಡ್ಡೆಯ ಮೈಮೇಲೆ ಸದಾ ನೀರಿನಂಥ ತೀರ ತೆಳುವಾದ ಒಂದು ಪೊರೆಯಿರುತ್ತದೆ. ನುಣುಪಾದ ಅಟ್ಟೆ ಅದರ ಮೇಲೆ ತೇಲುತ್ತದೆ. ಮೊನಚಾದ ಉಕ್ಕು ಆ ಪೊರೆಯನ್ನು ಹರಿದು ಕೆಳಗಿನ ಗಡ್ಡೆಯನ್ನು ಕಚ್ಚುತ್ತದೆ. ಗುಟ್ಟು ಇಷ್ಟೆ.

ಇನ್ನು ನಮ್ಮ ಕಡೆಗೆ ಬರೋಣ. ಬಳ್ಳಾರಿ ಸೀಮೆಯಲ್ಲಿ ಕಾಲಿಗೆ ಶತ್ರುಗಳು ಎರಡು: ಜಾಲಿಯ ಮುಳ್ಳು ಮತ್ತು ವೈಶಾಖದ ಬಿಸಿಲು. ಬೇಸಗೆಯ ಮಧ್ಯಾಹ್ನ ಹೇಮಕೂಟದ ಬಂಡೆಯ ಮೇಲೆ ಬರಿಗಾಲಿಟ್ಟವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕೆರ ಹುಟ್ಟಿದ್ದು ಈ ಎರಡು ಉಪದ್ರವಗಳಿಗಾಗಿ. ಜಾರುವುದನ್ನು ತಡೆಯುವುದಕ್ಕಾಗಿ ಅಲ್ಲ. 'ಕೆರ' ಎಂಬ ಮಾತನ್ನು ಈಗ ಬೈಗುಳಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ; ಆದರೆ ಅದು ಸಂಭಾವಿತ ಕುಲದ ಶಬ್ದ. 'ಕೆರ್ಪು' ಎಂಬುದು ಅದರ ಹಳೆಯ ರೂಪ. ತಮಿಳರು 'ಚೆರುಪ್ಪು' ಎನ್ನುತ್ತಾರೆ, ತೆಲುಗರು 'ಚೆಪ್ಪು' ಎನ್ನುತ್ತಾರೆ. ಅವರ 'ಚೆವಿ'ಗೆ ನಮ್ಮಲ್ಲಿ 'ಕಿವಿ' ಇರುವಂತೆ, ಅವರ ಚಕಾರಕ್ಕೆ ನಮ್ಮಲ್ಲಿ ಕಕಾರ ನಿಂತಿದೆ. ಮರದ್ದಾದರೆ 'ಹಾವುಗೆ', ಚರ್ಮದ್ದಾದರೆ 'ಚಮ್ಮಾವುಗೆ'. ಇವೆಲ್ಲಕ್ಕಿಂತ ನನಗೆ ಅರ್ಥವತ್ತಾಗಿ ಕಾಣುವುದು ಹರಿಗೋಲಿನ ಮುದುಕನ ಬಾಯಲ್ಲಿ ಬಂದ 'ಮೆಟ್ಟು'. ಮೆಟ್ಟುವುದು ಎಂದರೆ ತುಳಿಯುವುದು. ಕಾಲಿಗೆ ಹಾಕಿಕೊಂಡದ್ದು ಮೆಟ್ಟು. ಕಾಲಿಡಲು ಕಡಿದದ್ದು ಮೆಟ್ಟಿಲು. ಎರಡೂ ಒಂದೇ ಬೇರಿನ ಕವಲುಗಳು. ಹಂಪೆಯ ಇತಿಹಾಸವನ್ನು ಈ ಎರಡು ಶಬ್ದಗಳ ನಡುವೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ.

ಆ ನಗರದಲ್ಲಿ ಮೆಟ್ಟು ಹಾಕಿದವರು ಎಷ್ಟು ಮಂದಿ? ಇದಕ್ಕೆ ಪರದೇಶದ ಪ್ರವಾಸಿಗಳೇ ಸಾಕ್ಷಿ. ೧೫೧೬ರ ಸುಮಾರಿನಲ್ಲಿ ತನ್ನ ಗ್ರಂಥವನ್ನು ಬರೆದ ಪೋರ್ತುಗೀಸ ದುಆರ್ತೆ ಬಾರ್ಬೊಸ, ಇಲ್ಲಿಯ ಸ್ಥಿತಿವಂತ ಗಂಡಸರು ಕಾಲುಚೀಲವಿಲ್ಲದೆ ಒರಟು ಪಾದರಕ್ಷೆ ಮೆಟ್ಟುತ್ತಿದ್ದರೆಂದೂ, ಹೆಂಗಸರ ಚರ್ಮದ ಪಾದರಕ್ಷೆಗಳ ಮೇಲೆ ರೇಷ್ಮೆಯ ಕಸೂತಿಯಿರುತ್ತಿತ್ತೆಂದೂ ಹೇಳುತ್ತಾನೆ. ೧೫೨೦ರ ಸುಮಾರಿನಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ದೊಮಿಂಗೊ ಪಾಯೆಸ್ ಇನ್ನೂ ಹೆಚ್ಚು ನಿಖರವಾಗಿ ನೋಡಿದ್ದಾನೆ. ಅವನ ಬರಹವನ್ನು ರಾಬರ್ಟ್ ಸೆವೆಲ್ ೧೯೦೦ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ನಾವೆಲ್ಲರೂ ಅದನ್ನು ಓದುವಂತಾಯಿತು. ಅವನು ಹೇಳುವ ಸಂಗತಿಗಳು ಮೂರು. ಒಂದು, ದೊರೆಯ ಸನ್ನಿಧಿಗೆ ಯಾರೇ ಆಗಲಿ ಬರಿಗಾಲಿನಲ್ಲಿಯೇ ಹೋಗಬೇಕು. ಎರಡು, ನಾಡಿನ ಜನರಲ್ಲಿ ಬಹುಪಾಲು ಮಂದಿ, ಹೆಚ್ಚುಕಡಮೆ ಎಲ್ಲರೂ, ಬರಿಗಾಲಿನಲ್ಲಿಯೇ ತಿರುಗಾಡುತ್ತಾರೆ. ಮೂರು, ಪಾದರಕ್ಷೆಗಳಲ್ಲಿ ಎರಡು ಬಗೆ: ತುದಿ ಚೂಪಾದವು ಕೆಲವು, ಕೇವಲ ಅಟ್ಟೆಯಿದ್ದು ಮೇಲೆ ಬಾರುಗಳಿಂದ ಕಾಲಿಗೆ ಬಿಗಿಯುವವು ಇನ್ನು ಕೆಲವು. ಈ ಎರಡನೆಯವು ಪ್ರಾಚೀನ ರೋಮನರ ಪಾದರಕ್ಷೆಗಳನ್ನು ಹೋಲುತ್ತವೆಂದು ಅವನಿಗೆ ಅನ್ನಿಸಿತು. ಇಟಲಿಯಿಂದ ಬಂದ ಹಳೆಯ ಚಿತ್ರಗಳಲ್ಲಿ ಅಂಥವನ್ನು ಕಾಣಬಹುದೆಂದು ತನ್ನ ಓದುಗನಿಗೆ ನೆನಪುಮಾಡಿಕೊಡುತ್ತಾನೆ.

ರೋಮಿನ ಮಾತು ಬಂದುದರಿಂದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ರೋಮನ್ ಸಿಪಾಯಿಗಳ ಪಾದರಕ್ಷೆಯ ಅಡಿಗೆ ದಪ್ಪ ತಲೆಯ ಕಬ್ಬಿಣದ ಮೊಳೆಗಳನ್ನು ಹೊಡೆಯುತ್ತಿದ್ದರು. ಮಣ್ಣಿನಲ್ಲಿ, ಕೆಸರಿನಲ್ಲಿ, ಹುಲ್ಲಿನಲ್ಲಿ ಅದರಂಥ ಹಿಡಿತ ಬೇರೆಯಿಲ್ಲ. ಸಾಮ್ರಾಜ್ಯವೊಂದು ಆ ಮೊಳೆಗಳ ಮೇಲೆ ನಡೆಯಿತೆಂದರೂ ಸಲ್ಲುತ್ತದೆ. ಕ್ರಿ.ಶ. ೭೦ರಲ್ಲಿ ಜೆರೂಸಲೇಮಿನ ಮುತ್ತಿಗೆ ನಡೆದಾಗ ಜೂಲಿಯಾನಸ್ ಎಂಬ ಶತಾಧಿಪತಿ ಒಬ್ಬನೇ ಶತ್ರುಗಳ ಗುಂಪನ್ನು ದೇವಾಲಯದ ಅಂಗಳದ ಮೂಲೆಯವರೆಗೆ ಅಟ್ಟಿಸಿಕೊಂಡು ಹೋದನಂತೆ. ಅಂಗಳಕ್ಕೆ ಕಲ್ಲು ಹಾಸಿತ್ತು. ಓಡುತ್ತಿದ್ದವನ ಕಾಲಿನ ಮೊಳೆಗಳು ಕಲ್ಲಿನ ಮೇಲೆ ಜಾರಿದವು. ಕವಚದ ಸದ್ದಿನೊಡನೆ ಅಂಗಾತ ಬಿದ್ದ. ಓಡುತ್ತಿದ್ದ ಶತ್ರುಗಳು ಹಿಂತಿರುಗಿ ಅವನನ್ನು ಕೊಂದರು. ಇತಿಹಾಸಕಾರ ಜೋಸೆಫಸ್ ಇದನ್ನು ಮರುಕದಿಂದ ಬರೆದಿಟ್ಟಿದ್ದಾನೆ. ಶತ್ರುಗಳ ಗುಂಪು ಮಾಡಲಾರದ್ದನ್ನು ಪಾದರಕ್ಷೆ ಮಾಡಿತು. ಮಣ್ಣಿಗೆ ಒಪ್ಪಿದ್ದು ಕಲ್ಲಿಗೆ ಒಪ್ಪದು ಎಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಹಂಪೆಯೋ ಕಲ್ಲಿನ ಊರು. ಸುಮಾರು ೨೫೦ ಕೋಟಿ ವರ್ಷ ಹಳೆಯದಾದ ಕಣಶಿಲೆ; ಬಿಸಿಲು ಮಳೆಗಳಲ್ಲಿ ಪದರಪದರವಾಗಿ ಸಿಪ್ಪೆಬಿಟ್ಟು ಗುಂಡಗಾದ ಬಂಡೆಗಳು. ಒಣಗಿದ್ದಾಗ ಈ ಕಲ್ಲು ಅರದಂತೆ ಒರಟು. ಯಾವ ಕಾಲನ್ನಾದರೂ ಹಿಡಿದು ನಿಲ್ಲಿಸುತ್ತದೆ. ನೀರು ಬಿದ್ದು ನಾಲ್ಕು ದಿನ ಹಾವಸೆ ಕಟ್ಟಿದರೆ ಅದೇ ಕಲ್ಲು ಮಿನೆಸೋಟದ ಮಂಜಿಗೆ ಸಮ. ಇಂಥ ನೆಲದ ಮೇಲೆ ೧೪ನೆಯ ಶತಮಾನದಿಂದ ೧೫೬೫ರವರೆಗೆ ಒಂದು ಮಹಾನಗರ ಬಾಳಿತು. ಅಲ್ಲಿ ನೀರು ಹೊರುವವರು, ಪಲ್ಲಕ್ಕಿಯ ಬೋಯಿಗಳು, ಕಲ್ಲುಕುಟಿಗರು, ಹೂವಿನ ಬುಟ್ಟಿ ಹೊತ್ತವರು, ಕಾವಲುಗಾರರು, ಜಾತ್ರೆಗೆ ಬಂದ ಪರಸ್ಥಳದವರು ಹಗಲಿರುಳು ಏರುತ್ತ ಇಳಿಯುತ್ತ ಇದ್ದರು. ಇವರಲ್ಲಿ ಬಹುಪಾಲು ಮಂದಿ ಬರಿಗಾಲಿನವರು. ಮೆಟ್ಟು ಇದ್ದ ಕೆಲವರಿಗೂ ಮಳೆಗಾಲದಲ್ಲಿ ಅದರಿಂದ ಪ್ರಯೋಜನವಿಲ್ಲ. ಮರದ ತೊಗಟೆಯಲ್ಲಿ ಹದಮಾಡಿದ ಚರ್ಮ ನೀರು ಕುಡಿದು ಮೆತ್ತಗಾಗಿ ಭಾರವಾಗುತ್ತದೆ, ಹಾವಸೆಯ ಮೇಲೆ ಸರಕ್ಕನೆ ಸರಿಯುತ್ತದೆ. ಮರದ ಹಾವುಗೆಯ ಮಾತನ್ನಂತೂ ಆಡುವುದೇ ಬೇಡ.

ಹಾಗಾದರೆ ಅವರು ಬೀಳದೆ ಹೇಗೆ ನಡೆದರು? ಉತ್ತರವನ್ನು ಕಲ್ಲಿನ ಮೇಲೆಯೇ ಬರೆದಿಟ್ಟಿದ್ದಾರೆ. ಹೇಮಕೂಟಕ್ಕೆ ಹೋದವರು ಗುಡಿಗಳಿಂದ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ ನೋಡಬೇಕು. ಇಳಿಜಾರಿನ ಹಾಸುಬಂಡೆಯಲ್ಲಿ ಅಲ್ಲಲ್ಲಿ ಸಾಲಾಗಿ ಮೆಟ್ಟಿಲುಗಳಿವೆ. ಕೆಲವು ಅಗಲವಾಗಿ ನಾಲ್ಕು ಜನ ಒಟ್ಟಿಗೆ ಏರುವಂತಿವೆ. ಕೆಲವು ಕೇವಲ ಒಂದು ಪಾದ ಊರುವ ಕಚ್ಚುಗಳು. ಮಾತಂಗ ಪರ್ವತದ ತುದಿಯ ವೀರಭದ್ರನ ಗುಡಿಗೆ ಏರುವ ಹಾದಿಯಲ್ಲಿಯೂ ಹೀಗೆಯೇ: ಸಾಧ್ಯವಾದ ಕಡೆ ಚಪ್ಪಡಿ ಹಾಸಿದ್ದಾರೆ, ಬಂಡೆ ಅಡ್ಡವಾದ ಕಡೆ ಬಂಡೆಯನ್ನೇ ಕಡಿದಿದ್ದಾರೆ. ಹತ್ತಿರದಲ್ಲಿ ಬಂಡೆಗಳನ್ನು ಸೀಳಲು ಬೆಣೆ ಹೊಡೆದ ಚೌಕ ಗುಳಿಗಳ ಸಾಲು ಕಾಣುತ್ತದೆ. ಗೋಪುರಕ್ಕೆ ಕಲ್ಲು ಸೀಳಿದ ಉಳಿಯೇ ದಾರಿಹೋಕನ ಪಾದಕ್ಕೂ ಕಲ್ಲು ಕಡಿಯಿತು. ಗುಡಿಯ ಕಂಬವನ್ನು ನುಣ್ಣಗೆ ಮಾಡಲು ಬಲ್ಲ ಶಿಲ್ಪಿಗಳ ಊರಿನಲ್ಲಿ ಮೆಟ್ಟಿಲ ಮೈಮೇಲೆ ಉಳಿಯ ಗೀರುಗಳನ್ನು ಹಾಗೆಯೇ ಬಿಟ್ಟರು. ಆ ಗೀರುಗಳೇ ಹಿಡಿತ. ಶೀತದೇಶದವನು ಕಾಲಿಗೆ ಹಲ್ಲು ಕಟ್ಟಿದ. ನಮ್ಮವನು ಕಲ್ಲಿಗೆ ಹಲ್ಲು ಮೂಡಿಸಿದ.

ಈ ಎರಡು ಉಪಾಯಗಳ ನಡುವೆ ದೊಡ್ಡ ಅಂತರವಿದೆ. ಅಟ್ಟೆಯ ಹಿಡಿತ ಕೊಂಡವನಿಗೆ ಮಾತ್ರ. ನೆಲದ ಹಿಡಿತ ಎಲ್ಲರಿಗೂ. ಬಂಡೆಯಲ್ಲಿ ಕಡಿದ ಮೆಟ್ಟಿಲು, ಕಸೂತಿಯ ಪಾದರಕ್ಷೆಯವಳನ್ನೂ ಕೊಡ ಹೊತ್ತ ಬರಿಗಾಲಿನವಳನ್ನೂ ಒಂದೇ ರೀತಿಯಲ್ಲಿ ಹಿಡಿಯುತ್ತದೆ. ಅರಸರ ಔದಾರ್ಯದ ಬಗ್ಗೆ ಶಾಸನಗಳು ಬಹಳ ಹೇಳುತ್ತವೆ. ಈ ಮೆಟ್ಟಿಲುಗಳಲ್ಲಿ ಹೆಚ್ಚಿನವಕ್ಕೆ ಶಾಸನವಿಲ್ಲ. ಆದರೂ ಆ ಊರಿನ ದಾನಗಳಲ್ಲಿ ಇಂದಿಗೂ ದಿನನಿತ್ಯ ಸಲ್ಲುತ್ತಿರುವುದು ಇದೊಂದೇ ಎಂದು ನನಗೆ ತೋರುತ್ತದೆ.

ಬರಿಗಾಲಿಗೆ ಆ ಊರಿನಲ್ಲಿ ಪುರಾಣದ ಗೌರವವೂ ಇತ್ತು. ಪಂಪಾತೀರಕ್ಕೆ ಬಂದ ಶ್ರೀರಾಮನ ಕಾಲಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಅವನ ಪಾದುಕೆಗಳು ಆಗಲೇ ನಂದಿಗ್ರಾಮದಲ್ಲಿ ರಾಜ್ಯವಾಳುತ್ತಿದ್ದವು! ಸುಗ್ರೀವನ ಸಖ್ಯವಾದ ಮೇಲೆ ಮಳೆಗಾಲದ ನಾಲ್ಕು ತಿಂಗಳು ರಾಮ ಮುಂದೆ ಹೋಗಲಾರದೆ ಬೆಟ್ಟದ ಮೇಲೆ ಕಾಲ ಕಳೆದ. ಅದು ನಮ್ಮ ಮಾಲ್ಯವಂತವೇ ಎಂದು ಇಲ್ಲಿಯವರ ನಂಬುಗೆ. ರಘುನಾಥನ ಗುಡಿ ಇಂದಿಗೂ ಅಲ್ಲಿದೆ. ಆಷಾಢ ಶ್ರಾವಣಗಳಲ್ಲಿ ಆ ಬಂಡೆಗಳನ್ನು ತುಳಿದವನಿಗೆ ರಾಮನ ವಿಳಂಬಕ್ಕೆ ವಿಶೇಷ ವ್ಯಾಖ್ಯಾನ ಬೇಕಾಗುವುದಿಲ್ಲ. ಹಂಪೆಯ ಬಂಡೆಗಳ ಮೇಲೆ ಅಲ್ಲಲ್ಲಿ ಕೆತ್ತಿದ ಜೋಡಿ ಪಾದಗಳಿವೆ. ಪೂಜೆಗೆ ಇಟ್ಟ ಪಾದಗಳು ಅವು, ಬರಿಯ ಪಾದಗಳು. ದೊರೆಯ ಮುಂದೆ ಬರಿಗಾಲು, ದೇವರ ಮುಂದೆ ಬರಿಗಾಲು, ಹೊಲದಲ್ಲಿಯೂ ಬರಿಗಾಲು. ಒಂದೇ ಬರಿಗಾಲು ಒಂದೆಡೆ ಭಕ್ತಿ, ಇನ್ನೊಂದೆಡೆ ಬಡತನ.

ಇಷ್ಟಾದರೂ ಪಾಯೆಸನ ಮಾತಿನಲ್ಲಿ ಬಿಟ್ಟುಹೋದ ಒಂದು ಸಂಗತಿಯಿದೆ. ಚೂಪು ತುದಿಯ ಪಾದರಕ್ಷೆಯನ್ನೂ ಬಾರಿನ ಪಾದರಕ್ಷೆಯನ್ನೂ ಕಂಡವನು ಅವನ್ನು ಹೊಲಿದವನನ್ನು ಕಾಣಲಿಲ್ಲ. ನಾನೂ ಕಂಡಿರಲಿಲ್ಲ. ನನ್ನ ಕಣ್ಣು ತೆರೆದದ್ದು ಬಾಯಿಬಿಟ್ಟ ಬೂಟಿನ ನೆಪದಿಂದ. ಅಂದು ನನ್ನ ಜೊತೆಯಲ್ಲಿದ್ದ ಹುಡುಗರಲ್ಲಿ ಒಬ್ಬ, ಹೆಚ್ಚು ಮಾತನಾಡದವನು, ಬೂಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಬಗ್ಗಿಸಿ ನೋಡಿ, "ಸರ್, ನಮ್ಮಪ್ಪಗ ಕೊಡ್ತೀನಿ" ಎಂದ. ಅವನ ತಂದೆ ಹೊಸಪೇಟೆಯ ಬೀದಿಯೊಂದರ ಬದಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರೆಂಬುದು ನನಗೆ ಆಗಲೇ ತಿಳಿದದ್ದು. ಎರಡು ವರ್ಷ ಆ ಹುಡುಗನಿಗೆ ಹರಳಯ್ಯನ ಕಥೆಯನ್ನು ಪಾಠ ಹೇಳಿದ್ದೆ!

ಮರುದಿನ ನಾನೇ ಅಲ್ಲಿಗೆ ಹೋದೆ. ಅವರು ಬೂಟಿನ ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿದರು. "ಗಟ್ಟಿ ಐತ್ರೀ ಸರ ಇದು. ಗಟ್ಟಿ ಇದ್ದದ್ದು ಹಸಿ ಕಲ್ಲಿನ ಮ್ಯಾಲೆ ನಿಲ್ಲಾಂಗಿಲ್ಲ. ಕಲ್ಲಿಗೆ ಮೆತ್ತಗಿದ್ದದ್ದು ಬೇಕು, ಕಲ್ಲು ಹೆಂಗೈತೋ ಹಂಗ ಕುಂದ್ರಬೇಕು" ಎಂದರು. ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳಿದ್ದರೂ ಇದಕ್ಕಿಂತ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಮೃದುವಾದ ರಬ್ಬರು ಕಲ್ಲಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಅದರ ಗೆರೆಗಳು ನೀರಿಗೆ ಹರಿದುಹೋಗಲು ದಾರಿ ಕೊಡುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಎಷ್ಟು ಚಿತ್ತಾರ ಬರೆದರೂ ಅದು ಕಲ್ಲಿನ ತುದಿಗಳ ಮೇಲೆ ತೇಲುತ್ತದೆ. ಯೂರೋಪಿನ ಪರ್ವತಾರೋಹಿಗಳು ಬಹುಕಾಲ ಮೊಳೆ ಹೊಡೆದ ಬೂಟುಗಳನ್ನೇ ನೆಚ್ಚಿದ್ದರು. ೧೯೩೫ರಲ್ಲಿ ಆಲ್ಪ್ಸ್ ಪರ್ವತದಲ್ಲಿ ತನ್ನ ಸಂಗಡಿಗರಲ್ಲಿ ಆರು ಜನ ಸತ್ತ ಮೇಲೆ ಇಟಲಿಯ ವಿತಾಲೆ ಬ್ರಮಾನಿ ಎಂಬಾತ ಆಳವಾದ ಕಚ್ಚುಗಳುಳ್ಳ ರಬ್ಬರಿನ ಅಟ್ಟೆಯನ್ನು ರೂಪಿಸಿ ೧೯೩೭ರಲ್ಲಿ ಬಳಕೆಗೆ ತಂದನು. ಆರು ಪ್ರಾಣಗಳ ಬೆಲೆಯಿಂದ ಕಲಿತ ಆ ಪಾಠ, ಹೊಸಪೇಟೆಯ ಬೀದಿಯಲ್ಲಿ ಹಳೆಯ ಲಾರಿಯ ಟೈರನ್ನು ಕೊಯ್ದು ಚಪ್ಪಲಿಗೆ ಅಟ್ಟೆ ಹಾಕುವವರ ಕೈಗೆ ತಾನಾಗಿಯೇ ಬಂದಿತ್ತು.

"ಎಲ್ಲಾರಿಗೂ ಒಂದೇ ಮೆಟ್ಟು ಆಗಾಂಗಿಲ್ರೀ" ಎಂದು ಅವರು ಮುಂದುವರಿಸಿದರು. ಸಂಡೂರಿನ ಕಡೆಯವರು ಬಂದರೆ ಆಳ ಕಚ್ಚಿನ ಟೈರು ಕೇಳುತ್ತಾರೆ. ಆ ಗುಡ್ಡಗಳು ಕಬ್ಬಿಣದ ಅದಿರಿನವು. ಮಳೆಯಲ್ಲಿ ಅಲ್ಲಿಯ ಕೆಮ್ಮಣ್ಣು ಎಣ್ಣೆ ಸವರಿದಂತೆ ಜಾರುತ್ತದೆ, ಕಚ್ಚು ಆಳವಿದ್ದರೆ ಮಾತ್ರ ಮಣ್ಣಿನೊಳಗೆ ಇಳಿದು ನಿಲ್ಲುತ್ತದೆ. ಕಂಪ್ಲಿಯ ಕಡೆಯ ಗದ್ದೆಯವರು ನಾಟಿಯ ಕಾಲಕ್ಕೆ ಏನನ್ನೂ ಕೇಳುವುದಿಲ್ಲ. ವಿಜಯನಗರದ ಕಾಲದ ಕಾಲುವೆಗಳ ನೀರುಂಡ ಆ ಕೆಸರಿನಲ್ಲಿ ಮೆಟ್ಟು ಹಾಕಿ ಇಳಿದವನು ಮೆಟ್ಟನ್ನು ಅಲ್ಲಿಯೇ ಬಿಟ್ಟು ಬರಬೇಕು. ಐದು ಬೆರಳು ಅಗಲಿಸಿ ಹೆಬ್ಬೆರಳೂರಿ ನಡೆಯುವುದೇ ಹಿಡಿತ. ಹಂಪಿಗೆ ಹೋಗುವವರಿಗೆ ಸವೆದ ಟೈರಾದರೂ ಸರಿ, ಮೆತ್ತಗಿರಬೇಕು, ಹಿಮ್ಮಡಿಗೆ ಬಾರು ಇರಬೇಕು. ಬರೀ ಉಂಗುಷ್ಟದ ಚಪ್ಪಲಿ ಇಳಿಜಾರಿನಲ್ಲಿ ಕಾಲನ್ನು ಬಿಟ್ಟು ತಾನೇ ಮುಂದೆ ಹೋಗುತ್ತದೆ. ಇಪ್ಪತ್ತು ಮೂವತ್ತು ಮೈಲಿಯೊಳಗೆ ನೆಲ ಮೂರು ಬಗೆ, ಮೆಟ್ಟೂ ಮೂರು ಬಗೆ.

ಮಾತಿನ ನಡುವೆ ಅವರು ತಮ್ಮ ಅಜ್ಜನ ಕಾಲದ ಕೆಲಸವನ್ನು ವಿವರಿಸಿದರು. ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವುದು; ತಂಗಡಿಯ ತೊಗಟೆ ಕುಟ್ಟಿ ಹಾಕಿದ ನೀರಿನಲ್ಲಿ ವಾರಗಟ್ಟಲೆ ಹದಗೊಳಿಸುವುದು; ಎಮ್ಮೆಯ ಚರ್ಮ ಅಟ್ಟೆಗೆ, ಆಡಿನದು ಮೇಲುಪಟ್ಟಿಗೆ; ರಂಪಿಗೆಯಿಂದ ಕೊಯ್ದು ಆರಿಯಿಂದ ಚುಚ್ಚಿ ಹೊಲಿಯುವುದು. ಆ ನೀರಿನ ನಾತ ಊರಿಗೆ ಬೇಡವೆಂದು ಅವರ ಕೇರಿ ಊರ ಹೊರಗೆ. ಕೊನೆಗೆ ಅವರು ಬಹಳ ಮೆಲ್ಲಗೆ, ಯಾರನ್ನೂ ದೂರದೆ ಹೇಳಿದ ಮಾತು ಇದು: "ನಮ್ಮಜ್ಜ ಹೊಲಿದ ಮೆಟ್ಟು ಗುಡಿ ಬಾಗಿಲ ತನಕ ಹೋಗ್ತಿದ್ವು ಸರ. ನಮ್ಮಜ್ಜ ಅಷ್ಟು ದೂರನೂ ಹೋಗಾಂಗಿರಲಿಲ್ಲ. ತೇರು ಹೊರಗ ಬಂದಾಗ ದೂರದಿಂದ ಕೈ ಮುಗೀತಿದ್ದ."

ನಾನು ಬೆಲ್ಲ ಕದ್ದ ಹುಡುಗನಂತೆ ತಲೆ ತಗ್ಗಿಸಿ ಕುಳಿತೆ. ನೆಲದ ಹಿಡಿತ ಎಲ್ಲರಿಗೂ ಸಮವೆಂದು ಮೇಲೆ ಬರೆದೆನಲ್ಲ, ಆ ಮಾತು ಪೂರ್ತಿ ನಿಜವಲ್ಲ. ಮೆಟ್ಟಿಲು ಯಾರನ್ನೂ ಬೀಳಿಸುತ್ತಿರಲಿಲ್ಲ. ಆದರೆ ಯಾರು ಅದನ್ನು ಮೆಟ್ಟಬೇಕೆಂಬುದನ್ನು ಮನುಷ್ಯರು ಗೊತ್ತುಮಾಡಿದ್ದರು. ೧೨ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನಿಗೆ ಬಸವಣ್ಣ ಮರುವಂದನೆಯಾಗಿ ಎರಡು ಶರಣು ಹೇಳಿದನಂತೆ. ಆ ಋಣವನ್ನು ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದರಂತೆ. ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡನಂತೆ. ಕಥೆಯ ಮುಂದಿನ ಭಾಗ ಎಲ್ಲರಿಗೂ ಗೊತ್ತು: ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಕಲ್ಯಾಣ ಉರಿಯಿತು. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತ ನಾಡಿನಲ್ಲಿಯೇ ಅದನ್ನು ಹೊಲಿದವನ ಮೊಮ್ಮಕ್ಕಳು ಇನ್ನೂ ಎಂಟು ನೂರು ವರ್ಷ ಬಾಗಿಲಾಚೆ ನಿಲ್ಲಬೇಕಾಯಿತು. ಸಂಡೂರು ಸಂಸ್ಥಾನದಲ್ಲಿ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿಯ ಗುಡಿಯನ್ನು ೧೯೩೦ರ ದಶಕದಲ್ಲಿಯೇ ದಲಿತರಿಗೆ ತೆರೆಸಿದರು. ಹೊಸಪೇಟೆ ಕಂಪ್ಲಿಗಳು ಆಗ ಮದರಾಸಿನ ಆಡಳಿತದಲ್ಲಿದ್ದವು. ದೇವಾಲಯ ಪ್ರವೇಶದ ಕಾನೂನು ಅಲ್ಲಿ ಗಟ್ಟಿಯಾಗಿ ಬಂದದ್ದು ೧೯೪೭ರಲ್ಲಿ. ನೂರು ವರ್ಷವೂ ತುಂಬದ ಸಂಗತಿಗಳಿವು.

ಈಗ ಕಾಲ ಬದಲಾಗಿದೆ. ಮೆಟ್ಟು ಇಲ್ಲದವರು ವಿರಳ. ಅಂಗಡಿಗಳ ಗಾಜಿನ ಹಿಂದೆ ನೂರಾರು ಬಗೆಯ ಅಟ್ಟೆಗಳು ಮಿರುಗುತ್ತವೆ. ಆರಿಸುವಾಗ ನಾವು ನೋಡುವುದು ಮೇಲಿನ ಬಣ್ಣವನ್ನು, ಮಗುಚಿ ಅಡಿಯನ್ನು ಒತ್ತಿ ನೋಡುವವರು ಕಡಮೆ. ಅದೇ ವೇಳೆಗೆ ನೆಲವನ್ನು ಮರೆತಿದ್ದೇವೆ. ಊರೂರಿನಲ್ಲಿ ಮನೆಯ ಮುಂದಿನ ಮೆಟ್ಟಿಲಿಗೂ ಅಂಗಡಿಯ ಜಗಲಿಗೂ ಕನ್ನಡಿಯಂಥ ನುಣುಪು ಕಲ್ಲು ಹಾಸುವುದು ಸಿರಿವಂತಿಕೆಯ ಗುರುತಾಗಿದೆ. ಒಂದು ಹನಿ ಮಳೆ ಬಿದ್ದರೆ ಮುದುಕರು ಗೋಡೆ ಹಿಡಿಯಬೇಕು. ಉಳಿಯ ಗೀರನ್ನು ಬೇಕೆಂದೇ ಉಳಿಸಿದ ಅಂದಿನವರ ವಿವೇಕ ಎಲ್ಲಿ, ಹಣ ಕೊಟ್ಟು ಅದನ್ನು ಉಜ್ಜಿ ತೆಗೆಸುವ ನಮ್ಮ ಅಂದಗಾರಿಕೆ ಎಲ್ಲಿ! ಹಂಪೆಯ ಮೆಟ್ಟಿಲುಗಳೂ ಶತಮಾನಗಳ ಪಾದಗಳಿಗೆ ಸವೆದು ನುಣುಪಾಗುತ್ತಿವೆ. ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಗೋಪುರ ಮಂಟಪಗಳನ್ನು ನೋಡುವ ಕಣ್ಣುಗಳು ಹೆಚ್ಚಿವೆ. ಬಂಡೆಯ ಮೇಲಿನ ಕಚ್ಚುಗಳನ್ನೂ ಸ್ಮಾರಕಗಳೆಂದು ಎಣಿಸುವ ಕಣ್ಣು ಬರಬೇಕಾಗಿದೆ.

ಮಿನೆಸೋಟದ ಹುಡುಗನಿಗೆ ನಾನು ಬರೆದ ಉತ್ತರವನ್ನು ಇಲ್ಲಿ ಸಂಗ್ರಹಿಸುತ್ತೇನೆ. "ಊರೊಳಗಿನ ಮಂಜುದಾರಿಗೆ ಬೆಟ್ಟದವರ ದೊಡ್ಡ ಹಲ್ಲು ಬೇಡ, ಚಿಕ್ಕ ಉಕ್ಕಿನ ಮೊಳೆಗಳುಳ್ಳದ್ದು ಸಾಕು. ಅವು ಹಿಮ್ಮಡಿಗೂ ಮುಂಗಾಲಿಗೂ ಇರಲಿ, ಪಟ್ಟಿ ಬೂಟಿಗೆ ಬಿಗಿಯಾಗಿ ಕೂರಲಿ. ಚಿಕ್ಕ ಹೆಜ್ಜೆಯಿಟ್ಟು ಇಡೀ ಪಾದ ಊರಿ ನಡೆ. ಅಂಗಡಿಯ ಬಾಗಿಲಿಗೆ ಹೋದೊಡನೆ ಅದನ್ನು ತಪ್ಪದೆ ಬಿಚ್ಚಿ ಕೈಯಲ್ಲಿ ಹಿಡಿ. ಒಳಗೆ ನುಣುಪು ಕಲ್ಲಿನ ನೆಲವಿರುತ್ತದೆ, ಜೂಲಿಯಾನಸನ ಗತಿಯನ್ನು ಮರೆಯಬೇಡ. ನಿನ್ನ ಮನೆಯ ಮುಂದಿನ ದಾರಿಗೆ ಮುಂಜಾನೆ ಎದ್ದು ಒಂದು ಬೊಗಸೆ ಮರಳನ್ನೋ ಉಪ್ಪನ್ನೋ ಚೆಲ್ಲು. ಮೊಳೆಯ ಪಟ್ಟಿ ನಿನ್ನೊಬ್ಬನನ್ನು ಕಾಯುತ್ತದೆ. ಆ ಮರಳು ಪತ್ರಿಕೆ ಹಾಕುವ ಹುಡುಗನನ್ನೂ ಕಾಯುತ್ತದೆ. ನಮ್ಮ ಹಿಂದಿನವರು ಏನು ಹಾಕಿಕೊಳ್ಳುತ್ತಿದ್ದರೆಂದು ಕೇಳಿದೆಯಲ್ಲ, ಅವರಲ್ಲಿ ಹೆಚ್ಚಿನವರು ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ; ದಾರಿಗೆ ಹಾಕುತ್ತಿದ್ದರು."

ಅವನು ಮರುದಿನವೇ ಉತ್ತರಿಸಿದ. ಮರಳು ಚೆಲ್ಲಿದನಂತೆ, ಪಕ್ಕದ ಮನೆಯ ವೃದ್ಧೆ ಕಿಟಕಿಯಿಂದ ಕೈಬೀಸಿದಳಂತೆ. ನನ್ನ ಬೂಟಿಗೆ ಈಗ ಲಾರಿ ಟೈರಿನ ಅಟ್ಟೆಯಿದೆ. ನೋಡಲು ಚೆಲುವಾಗಿಲ್ಲ, ತರಗತಿಯಲ್ಲಿ ನಡೆದಾಡಿದರೆ ಸ್ವಲ್ಪ ಸದ್ದಾಗುತ್ತದೆ. ಆ ಹುಡುಗ ಮೊದಲನೆಯ ಬೆಂಚಿನಲ್ಲಿ ಕುಳಿತು ಒಮ್ಮೆ ನನ್ನ ಕಾಲನ್ನೂ ಒಮ್ಮೆ ನನ್ನ ಮುಖವನ್ನೂ ನೋಡುತ್ತಾನೆ. ಈ ವರ್ಷ ಹರಳಯ್ಯನ ಪಾಠವನ್ನು ನಾನು ಅವಸರ ಮಾಡದೆ, ಒಂದೊಂದೇ ಹೆಜ್ಜೆ ಊರಿ ಹೇಳುತ್ತಿದ್ದೇನೆ.